ಪರಪ್ಪ ತುಂಬಿಸಿದ ಡಜನ್

ಜೂನ್ ತಿಂಗಳ ಕಡೆಯ ವಾರ, ಮಳೆ ಹಿಡಿದು ಆರು ದಿನವಾಗಿತ್ತು. ಬೆಳಗಿನ ಐದೂವರೆ, ನಲ್ಲಿಯಲ್ಲಿ ನೀರು ಬರುವ ಹೊತ್ತು. ಮುಂಬಯಿಯ ಗೋರೆಗಾಂವ್‌ನ ಮೋರೇಶ್ವರ ಚಾಳ್ ಎಂಬ ವಠಾರದಲ್ಲಿ ಆ ಹೊತ್ತಿಗೆ ಸಾಲು ನಿಲ್ಲುವುದು ನಲ್ಲಿಯ ಮುಂದೆ. ಆ ಸೋಮವಾರ ಮಾತ್ರ ನಲ್ಲಿ ತನ್ನ ಪಾಡಿಗೆ ತಾನು ಸುರಿಯುತ್ತಿತ್ತು. ಸಾಲು ನಿಂತದ್ದು ಹಿಂದುಗಡೆಯ ನಾಲ್ಕು ಸಂಡಾಸುಗಳ ಮುಂದೆ. ಕೊಡೆ ಹಿಡಿಯಬೇಕು, ಡಬ್ಬ ಹಿಡಿಯಬೇಕು, ಹೊಟ್ಟೆಯನ್ನೂ ಹಿಡಿಯಬೇಕು. ಕೈ ಎರಡೇ ಇದ್ದುದರಿಂದ ಹೆಚ್ಚಿನವರು ಕೊಡೆ ಬಿಟ್ಟು ನೆನೆಯುತ್ತಿದ್ದರು.

ಕೊನೆಯ ಖೋಲಿಯ ಪರಪ್ಪ ಕೋಳಿಗಳಿಗೆ ಜೋಳ ಹಾಕಲೆಂದು ಹೊರಗೆ ಬಂದ. ಸಾಲಿನಲ್ಲಿದ್ದ ಅಷ್ಟೂ ತಲೆಗಳು ಒಟ್ಟಿಗೆ ಅವನ ಕಡೆ ತಿರುಗಿದವು. ಬೈದಿದ್ದರೆ ತಿರುಗಿ ಏನಾದರೂ ಅನ್ನಬಹುದಿತ್ತು. ಹೊಟ್ಟೆ ಹಿಡಿದುಕೊಂಡು ಸುಮ್ಮನೆ ನೋಡುವವರಿಗೆ ಏನು ಹೇಳುವುದು? ಪರಪ್ಪ ಜೋಳವನ್ನು ತನ್ನ ಕಾಲ ಮೇಲೆಯೇ ಚೆಲ್ಲಿಕೊಂಡು ಒಳಗೆ ಹೋದ.

ಕಾರಣ ಸಣ್ಣದು, ಅಂಗೈಯಲ್ಲಿ ಹಿಡಿಯುವಷ್ಟು. ಪರಪ್ಪ ವಿಜಯಪುರದ ಕಡೆಯವನು. ಅಂಧೇರಿಯ ಒಂದು ಆಫೀಸಿನಲ್ಲಿ ಮೂವತ್ತಮೂರು ವರ್ಷ ಪ್ಯೂನ್ ಕೆಲಸ ಮಾಡಿ ಜನವರಿಯಲ್ಲಿ ನಿವೃತ್ತನಾದ. ಕೈಗೆ ಕೆಲಸವಿಲ್ಲದೆ ಹದಿನೈದು ದಿನ ಗೋಡೆ ನೋಡಿದ. ಆಮೇಲೆ ಆರು ಹೇಂಟೆ ಕೋಳಿ ತಂದು ಖೋಲಿಯ ಹಿಂದೆ ತಂತಿಯ ಗೂಡು ಕಟ್ಟಿದ. ಜೂನ್‌ನಲ್ಲಿ ಕೋಳಿಗಳು ಮೊಟ್ಟೆ ಇಡತೊಡಗಿದವು. ಒಂದು ವಾರದ ಮೊಟ್ಟೆ ಕೂಡಿಟ್ಟು ಶನಿವಾರ ಸಂಜೆ ಕುದಿಸಿ, ಸುಲಿದು, ಎರಡು ಹೋಳು ಮಾಡಿ, ಉಪ್ಪು ಮೆಣಸಿನ ಪುಡಿ ಉದುರಿಸಿ ಸ್ಟೀಲಿನ ತಾಟಿನಲ್ಲಿಟ್ಟುಕೊಂಡು ಮನೆ ಮನೆಗೆ ಹೋದ.

"ತಗೋರಿ, ಮನಿ ಕೋಳೀದು. ಒಂದೊಂದನ್ನೂ ನನ್ನ ಕೈಯಾರೆ ಸುಲದೀನಿ. ನಮ್ಮ ರಾಚವ್ವನ್ನೂ ಮುಟ್ಟಗೊಟ್ಟಿಲ್ಲ."

ಅವನ ಹೆಂಡತಿ ರಾಚವ್ವ ಮುಟ್ಟುವವಳೂ ಅಲ್ಲ. ಶನಿವಾರ ಹಣಮಪ್ಪನ ವಾರ. ಉಳಿದವರು ಮುಟ್ಟಿದರು, ತಿಂದರು, ಹೊಗಳಿದರು. ಭಾನುವಾರ ಮಧ್ಯಾಹ್ನದಿಂದ ಸಾಲು ಶುರುವಾಯಿತು.

ಏಳು ಗಂಟೆಗೆ ಕೊರಗಪ್ಪನ ಬಾಗಿಲ ಮುಂದಿನ ಗ್ಯಾಲರಿಯಲ್ಲಿ ಸಭೆ ಸೇರಿತು. ಕೊರಗಪ್ಪ ಉಡುಪಿಯ ಕಡೆಯವರು, ಬಾಂದ್ರಾದ ಹೋಟೆಲೊಂದರಲ್ಲಿ ನಲವತ್ತು ವರ್ಷ ಮ್ಯಾನೇಜರಾಗಿದ್ದವರು, ಈಗ ಚಾಳ್ ಕಮಿಟಿಯ ಅಧ್ಯಕ್ಷರು. ಅಧ್ಯಕ್ಷರು ಮಾತಿನ ನಡುವೆ ಎರಡು ಸಲ ಎದ್ದು ಹೋಗಿ ಬಂದರು. ಅಷ್ಟು ಹೊತ್ತು ಸಭೆ ಅಲ್ಲೇ ನಿಂತಿತ್ತು.

"ನೋಡು ಪರಪ್ಪ, ನಿನ್ನ ಮೇಲೆ ನಮಗೆ ಸಿಟ್ಟಿಲ್ಲ. ಕೋಳಿಯ ಮೇಲೆ ಉಂಟು. ಅವು ಇವತ್ತೇ ಹೋಗಬೇಕು."

"ಹೋಗುದ್ಯಾಕೆ ಮಾರಾಯ್ರೆ?" ಎಂದ ರಿಕ್ಷಾ ಓಡಿಸುವ ದೂಜ, ಕಂಬಕ್ಕೆ ಒರಗಿಕೊಂಡು. ಮಂಗಳೂರಿನವನು, ಎರಡು ದಿನದಲ್ಲಿ ಅರ್ಧ ಆಳಾಗಿದ್ದ. "ಆರುಂಟಲ್ಲ. ಒಂದು ದೊಡ್ಡ ಪಾತ್ರೆ ಇದ್ರೆ ಇಲ್ಲೇ ಮುಗಿಸ್ಬಹುದು. ನನ್ನ ಹೊಟ್ಟೆ ಸ್ವಲ್ಪ ಸರಿ ಆಗ್ಲಿ."

"ಅಣ್ಣಾರ," ಎಂದ ಪರಪ್ಪ, "ನಾನೂ ತಿಂದೀನ್ರಿ. ನಾಕು ಹೋಳು ತಿಂದೀನಿ. ನನಗೇನಾಗೇತಿ? ಕಲ್ಲಿನಂಗ ಅದೀನಿ. ನಮ್ಮ ಕೋಳಿ ತಪ್ಪಲ್ರಿ ಇದು."

ಆ ಮಾತು ಅವನಿಗೆ ಒಳ್ಳೆಯ ಸಾಕ್ಷಿಯೆಂದು ಕಂಡಿತ್ತು. ಸಭೆಗೆ ಹಾಗೆ ಕಾಣಲಿಲ್ಲ. ಎಲ್ಲರೂ ಸೊರಗಿರುವಾಗ ಒಬ್ಬನೇ ಗಟ್ಟಿಯಾಗಿ ನಿಂತಿದ್ದರೆ ಅವನನ್ನು ಕಂಡು ಯಾರಿಗೂ ಸಂತೋಷವಾಗುವುದಿಲ್ಲ.

ಆಗ ಕೊರಗಪ್ಪನ ಮಗಳು ಯಕ್ಷಿತಾ ಒಳಗಿನಿಂದ ಮೊಬೈಲು ನೋಡುತ್ತಲೇ ಬಂದಳು. ಕಾಲೇಜಿಗೆ ಹೋಗುವ ಹುಡುಗಿ, ಕನ್ನಡ ತಿಳಿಯುತ್ತದೆ, ಬಾಯಿಗೆ ಬರುವುದು ಕಷ್ಟ.

"ಪಪ್ಪಾ, ಇದು ಸಾಲ್ಮೊನೆಲ್ಲಾ ಇರ್ಬಹುದು. ಬ್ಯಾಕ್ಟೀರಿಯಾ. ಬಾಹರ್ ಕೆ ದೇಶದಲ್ಲಿ ಮುರ್ಗಿಗೆ ಇದರ ವ್ಯಾಕ್ಸಿನ್ ಕೊಡ್ತಾರೆ. ಫಿರ್ ಅಂಡಾ ತಿಂದವರು ಬೀಮಾರ್ ಆಗೋದು ಕಮ್ಮಿ."

"ಏನಂದ್ಲು?" ಎಂದು ರಾಚವ್ವ ಗಂಡನ ಕಿವಿಯಲ್ಲಿ ಕೇಳಿದಳು. "ಸಾಲ ಮನಿ ಎಲ್ಲಾ ಅಂತೇನ?"

"ಸಾಲ ಅಲ್ಲ. ಹುಳ. ಕೋಳಿಗೆ ಲಸಿಕಿ ಹಾಕಸಬೇಕಂತ," ಎಂದ ಪರಪ್ಪ. ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಿತ್ತು. "ಹಾಕಸ್ತೀನ್ರಿ ಅಣ್ಣಾರ. ಇವತ್ತ ಹಾಕಸ್ತೀನಿ."

"ಮೊದಲು ಪರೀಕ್ಷೆ ಆಗಲಿ," ಎಂದರು ಕೊರಗಪ್ಪ. ಕಾಗದ ತರಿಸಿ ಬರೆಯತೊಡಗಿದರು. "ಹುಳ ಕೋಳಿಯಿಂದ ಬಂತು ಅಂತ ಗೊತ್ತಾದರೆ ಕೋಳಿ ಚಾಳ್ ಬಿಡಬೇಕು. ಹಾಕು ಸಹಿ."

ಪರಪ್ಪನಿಗೆ ಅದು ಅನ್ಯಾಯವೆನಿಸಿತು. ಯಾರ ಮನೆಯ ನೀರೋ, ಯಾರ ಮನೆಯ ಮೀನೋ, ತಪ್ಪು ಮಾತ್ರ ತನ್ನ ಕೋಳಿಗಳದ್ದೇ? ಮೂಕ ಜೀವಗಳು, ತಮ್ಮ ಪರವಾಗಿ ಮಾತಾಡಲಾರವು.

"ಕೋಳಿ ಅಂತ ಬರೀಬ್ಯಾಡ್ರಿ. ಯಾರಿಂದ ಬಂತು ಅಂತ ತಿಳೀತದೋ ಅವರು ಅಂತ ಬರೀರಿ. ಕೋಳಿ ಇರ್ಲಿ, ಮನಷ್ಯಾ ಇರ್ಲಿ. ಗುಣ ಆಗೂ ತನಕ ಚಾಳ್ ಬಿಡಬೇಕು. ನ್ಯಾಯ ಅಂದ್ರ ಎಲ್ಲಾರಿಗೂ ಒಂದ."

ಕೊರಗಪ್ಪನಿಗೆ ಮೂರನೆಯ ಸಲ ಏಳುವ ಅವಸರವಿತ್ತು. ಅವನು ಹೇಳಿದಂತೆಯೇ ಬರೆದರು. ಪರಪ್ಪ ಸಹಿ ಹಾಕಿದ.

ಇಲ್ಲಿ ಒಂದು ಹಳೆಯ ಮಾತು ಹೇಳಬೇಕು. ವಿಜಯಪುರದ ಕಡೆ ಮೊಟ್ಟೆಗೆ ತತ್ತಿ ಅನ್ನುತ್ತಾರೆ. ಹಿಂದಿಯಲ್ಲಿ ಅದೇ ಮಾತನ್ನು ತುಸು ನಾಲಿಗೆ ಮಡಚಿ ಅಂದರೆ, ಬೆಳಿಗ್ಗೆ ಡಬ್ಬ ಹಿಡಿದು ಹೋಗುವ ಕೆಲಸದ ಹೆಸರು. ಮೂವತ್ತನಾಲ್ಕು ವರ್ಷದ ಹಿಂದೆ ಪರಪ್ಪ ಮುಂಬಯಿಗೆ ಬಂದ ಮೂರನೆಯ ದಿನ ಬಾಂದ್ರಾದ ಒಂದು ಕಿರಾಣಿ ಅಂಗಡಿಯಲ್ಲಿ, ಜನ ಕಿಕ್ಕಿರಿದಿರುವಾಗ, "ದೋ ತತ್ತಿ ದೇವೋ" ಎಂದು ಎರಡು ಬೆರಳು ತೋರಿಸಿದ್ದ. ಅಂಗಡಿಯವನು ಅಕ್ಕಿ ಅಳೆಯುವ ಮಾಪು ಹಿಡಿದ ಕೈಯನ್ನೇ ಎತ್ತಿ ರೈಲ್ವೆ ಪಟರಿಯ ಕಡೆ ತೋರಿಸಿದ. "ಉಧರ್ ಜಾವ್. ಮುಫತ್ ಮಿಲ್ತಾ ಹೈ." ಅಲ್ಲಿ ಪುಕ್ಕಟೆ ಸಿಗುತ್ತದಂತೆ! ಅಂಗಡಿ ತುಂಬ ನಗು. ಪರಪ್ಪ ಒಂದು ವರ್ಷ ಆ ರಸ್ತೆಯಲ್ಲಿ ನಡೆಯಲಿಲ್ಲ.

ಅಂದಿನಿಂದ ಆ ಮಾತು ಅವನ ಬಾಯಿಂದ ಬಿದ್ದುಹೋಯಿತು. ಮದುವೆಯಾಗಿ ರಾಚವ್ವ ಬಂದಾಗ ಅವಳು ರೈಲಿನಿಂದ ಇಳಿಯುವ ಮೊದಲೇ ಹೇಳಿದ್ದ: ಈ ಊರಲ್ಲಿ ಏನು ಬೇಕಾದರೂ ಅನ್ನು, ಅದೊಂದು ಅನ್ನಬೇಡ. ಅವರ ಮನೆಯಲ್ಲಿ ಮೊಟ್ಟೆಯ ಹೆಸರು 'ಬಿಳೇದು' ಎಂದಾಯಿತು. ಸಾಕಿದ ಕೋಳಿಗಳು ಕಂದು ಮೊಟ್ಟೆ ಇಟ್ಟಾಗಲೂ ಅದು ಬಿಳೇದೇ.

ಯಕ್ಷಿತಾ ಹುಡುಕಿಕೊಟ್ಟ ನಂಬರು ಅಂಧೇರಿಯ ಒಂದು ಪ್ರಯೋಗಾಲಯದ ಕೋಳಿ ಡಾಕ್ಟರದ್ದು. ಪರಪ್ಪ ತಗಡಿನ ಮಾಡಿನ ಕೆಳಗೆ ನಿಂತು ಫೋನ್ ಮಾಡಿದ. ತಗಡಿನ ಮೇಲೆ ಮಳೆ, ಪಕ್ಕದಲ್ಲಿ ನಲ್ಲಿ. ಹಿಂದಿಯಲ್ಲಿ ಕತೆ ಹೇಳಿದ. ನಾಲ್ಕು ವಾಕ್ಯ ಕೇಳುವಷ್ಟರಲ್ಲಿ ಆ ಕಡೆಯ ಹೆಣ್ಣುಧ್ವನಿ ನಕ್ಕಿತು.

"ನೀವು ವಿಜಯಪುರದ ಕಡಿಯವರೇನ್ರಿ?"

"ಹೌದ್ರಿ. ಹೆಂಗ ಗೊತ್ತಾತ್ರಿ?"

"ನಿಮ್ಮ ಹಿಂದಿ ಹೇಳ್ತದಲ್ರಿ. ನಮ್ಮದು ಧಾರವಾಡ. ನಾ ರಾಧಿಕಾ ಅಂತ. ಲಸಿಕಿ ಹಾಕೂಣಂತ ಕಾಕಾ, ಆದರ ಲಸಿಕಿ ಅಂದ್ರ ಔಷಧ ಅಲ್ಲ. ಬರೂದನ್ನ ತಡೀತದ, ಬಂದದ್ದನ್ನ ಗುಣಾ ಮಾಡೂದಿಲ್ಲ. ಅದಕ್ಕ ಮೊದಲ ಟೆಸ್ಟ್ ಆಗಬೇಕು. ಇವತ್ತ ಮಧ್ಯಾಹ್ನದೊಳಗ ತತ್ತಿ ತಗೊಂಡ ಬರ್ರಿ."

ಪರಪ್ಪನ ಕಿವಿ ಬಿಸಿಯಾಯಿತು. ಮುಂಬಯಿಯ ಕನ್ನಡದಲ್ಲಿ ಹತ್ತು ಮಾತಿಗೆ ನಾಲ್ಕು ಹಿಂದಿ ಇರುತ್ತವೆ, ಡಾಕ್ಟರೂ ಹಾಗೇ ಬೆರೆಸಿದರು ಎಂದುಕೊಂಡ. ಓದಿದ ಹೆಣ್ಣುಮಗಳು, ಸಂಕೋಚವಿಲ್ಲದೆ ಅನ್ನುತ್ತಾಳೆ. ಡಾಕ್ಟರಿಗೆ ಎಂಥ ಸಂಕೋಚ? ಹೊಟ್ಟೆ ಕೆಟ್ಟದ್ದು ಜನರದ್ದು, ಪರೀಕ್ಷೆಗೆ ಅದಲ್ಲದೆ ಮತ್ತೇನು ಕೇಳುತ್ತಾರೆ?

"ಎಷ್ಟ ಬೇಕ್ರಿ?" ಎಂದ, ಧ್ವನಿ ತಗ್ಗಿಸಿ.

"ಒಂದ ಡಜನ್ ಆದ್ರೂ ಬೇಕು."

"ಡಜನ್?"

"ಕಡಿಮಿ ಆದ್ರ ಸರಿಯಾಗಿ ತಿಳಿಯೂದಿಲ್ರಿ. ನಿಮ್ಮ ಮನೀದಷ್ಟ ಅಲ್ಲ. ಶನಿವಾರ ಯಾರ್ಯಾರಿಗೆ ಕೊಟ್ಟಿದ್ರಿ, ಅವರ ಮನ್ಯಾಗ ಇದ್ರ ಅದನ್ನೂ ಇಸಗೊಂಡ ಬರ್ರಿ."

"ಅವರ ಮನ್ಯಾಗ ಭಾಳ ಐತ್ರಿ," ಎಂದ ಪರಪ್ಪ ಪ್ರಾಮಾಣಿಕವಾಗಿ.

"ಛಲೋ ಆತು. ತಾಜಾ ಇರಬೇಕು, ಇವತ್ತ ಮುಂಜಾನೇದು. ನಿನ್ನೀದಿದ್ರೂ ನಡೀತದ, ಫ್ರಿಜ್‌ದಾಗ ಇಟ್ಟಿದ್ರ."

ಪರಪ್ಪ ಗೋಡೆ ಹಿಡಿದುಕೊಂಡ.

"ಮತ್ತ ತೊಳೀಬ್ಯಾಡ್ರಿ. ಒಂದೊಂದೂ ಬ್ಯಾರೆ ಬ್ಯಾರೆ ಹಾಕಿ ಮ್ಯಾಲ ಹೆಸರು ಬರೀರಿ. ಗಟ್ಟಿ ಇರೂದು ನೋಡಿ ತರ್ರಿ, ಒಡದು ಸೋರೂದು ಬ್ಯಾಡ."

"ಮೇಡಂ, ಎರಡ ದಿನದಿಂದ ಇಲ್ಲೆ ಗಟ್ಟಿ ಯಾವುದೂ ಇಲ್ರಿ."

ಡಾಕ್ಟರು ತುಸು ಯೋಚಿಸಿದರು. "ಹಂಗಾದ್ರ ಸುಣ್ಣದ ಅಂಶ ಕಡಿಮಿ ಆಗೇದ. ಕಪ್ಪಿಚಿಪ್ಪಿನ ಪುಡಿ ಸಿಗತದ, ಕಾಳಿನ ಜೋಡಿ ಕಲಸಿ ತಿನ್ನಸ್ರಿ."

ಫೋನ್ ಇಟ್ಟ ಪರಪ್ಪ ಕೊರಗಪ್ಪನ ಕಿವಿಯಲ್ಲಿ ಎಲ್ಲವನ್ನೂ ಹೇಳಿದ. ಕೊರಗಪ್ಪ ಸಹಿಯ ಕಾಗದವನ್ನು ಮಡಚಿ ಜೇಬಿಗಿಟ್ಟರು.

"ಹೋಟೆಲಿನಲ್ಲಿ ಎಂತೆಂಥ ಆರ್ಡರು ತಗೊಂಡಿದ್ದೇನೆ ಪರಪ್ಪ. ಇಂಥದ್ದು ಬಂದಿರಲಿಲ್ಲ."

ಆದರೆ ಡಾಕ್ಟರ ಮಾತು. ಕೊರಗಪ್ಪನ ಅಟ್ಟದಲ್ಲಿ ಹೋಟೆಲಿನ ಕಾಲದ ಸಾಂಬಾರಿನ ಪಾರ್ಸೆಲ್ ಡಬ್ಬಗಳಿದ್ದವು, ಮುಚ್ಚಳದವು. ಪರಪ್ಪ ಅವನ್ನು ಹಿಡಿದು ಬಾಗಿಲು ಬಾಗಿಲಿಗೆ ಹೋದ. ಶನಿವಾರ ಸ್ಟೀಲಿನ ತಾಟು ಹಿಡಿದು ಹೋದ ಬಾಗಿಲುಗಳೇ. ಅಂದು ಎತ್ತಿದ್ದ ತಲೆ ಇಂದು ನೆಲ ನೋಡುತ್ತಿತ್ತು.

"ಹೆಸರು ಬೇರೆ ಬರೀಬೇಕಾ?" ಎಂದಳು ಕೊರಗಪ್ಪನ ಹೆಂಡತಿ ಶೀಲಾವತಿ. "ನನ್ನ ಹೆಸರು ಅದರ ಮೇಲೆ ಬರೀಲಿಕ್ಕಿಲ್ಲ. ಇವರ ಹೆಸರೇ ಹಾಕಿ."

"ಎರಡು ಡಬ್ಬಿ ಆಗ್ತಾವಲ್ರಿ ಅಕ್ಕಾರ."

"ಒಂದು, ಎರಡು ಅಂತ ಹಾಕಿ."

ಹಾಗೆ 'ಕೊರಗಪ್ಪ ಒಂದು', 'ಕೊರಗಪ್ಪ ಎರಡು' ಆಯಿತು.

"ಮತ್ತೆ ಗಟ್ಟಿ ಆಗ್ಲಿಕ್ಕೆ ಕಪ್ಪೆಚಿಪ್ಪಿನ ಪುಡಿ ಅಂದ್ರಂತಲ್ಲ ಡಾಕ್ಟ್ರು," ಎಂದಳು ಶೀಲಾವತಿ ಬಾಗಿಲು ಹಾಕುತ್ತ. "ನಮ್ಮ ಊರಲ್ಲಿ ಅದನ್ನು ತೆಂಗಿನ ಬುಡಕ್ಕೆ ಹಾಕುದು."

ಒಂಬತ್ತೂವರೆಗೆ ಹನ್ನೊಂದು ಡಬ್ಬ ತುಂಬಿದವು. ಡಜನ್‌ಗೆ ಒಂದು ಕಡಿಮೆ.

"ನಾ ತಿಂದಿಲ್ಲ, ನಾ ಯಾಕ ಕೊಡ್ಲಿ?" ಎಂದಳು ರಾಚವ್ವ. ಏನು ಪರೀಕ್ಷೆ, ಯಾರು ಏನೆಂದು ಕೇಳಿದರು ಎಂದು ಅವಳು ಎರಡು ಸಲ ವಿಚಾರಿಸಿದಳು. ಪರಪ್ಪ ನಾಚಿಕೆಯಿಂದ "ಸ್ಯಾಂಪಲ್" ಎಂದನೇ ಹೊರತು ಡಾಕ್ಟರು ಆಡಿದ ಆ ಮಾತನ್ನು ಹೆಂಡತಿಯ ಮುಂದೆ ಆಡಲಿಲ್ಲ. ಆಡಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು.

ಬೇರೆ ದಾರಿ ಇರಲಿಲ್ಲ. ಹನ್ನೆರಡನೆಯದನ್ನು ಪರಪ್ಪ ತಾನೇ ತುಂಬಿಸಿದ. ಡಾಕ್ಟರು ಕೇಳಿದಂತೆ ಗಟ್ಟಿಯಾಗಿ ಇದ್ದದ್ದು ಇಡೀ ಚಾಳ್‌ನಲ್ಲಿ ಅವನದೊಂದೇ. ಅದರ ಮೇಲೆ ಹೆಸರನ್ನು ಸ್ವಲ್ಪ ದೊಡ್ಡದಾಗಿಯೇ ಬರೆದ.

ಡಬ್ಬಗಳನ್ನು ಸೀರೆ ಅಂಗಡಿಯ ಚೀಲದಲ್ಲಿ ಇಳಿಸಿ ದೂಜನ ರಿಕ್ಷಾದಲ್ಲಿ ಕೂತ. ದೂಜ ಮೂಗಿಗೆ ಟವೆಲು ಕಟ್ಟಿಕೊಂಡು ಹೊರಟ. ಜೋಗೇಶ್ವರಿಯ ಹತ್ತಿರ ಮೊಣಕಾಲಿನವರೆಗೆ ನೀರು. ರಿಕ್ಷಾ ಎರಡು ಸಲ ಕೆಮ್ಮಿ ನಿಂತಿತು. ರೇನ್‌ಕೋಟು ಹಾಕಿದ ಟ್ರಾಫಿಕ್ ಹವಾಲ್ದಾರ ಬಗ್ಗಿ ಒಳಗೆ ನೋಡಿದ. ಪರಪ್ಪ ಚೀಲವನ್ನು ನೀರಿಗೆ ತಾಗದಂತೆ ತಲೆಯ ಮೇಲೆ ಹಿಡಿದುಕೊಂಡಿದ್ದ, ದೇವರ ಮೂರ್ತಿ ಹೊತ್ತವನ ಹಾಗೆ.

"ಕ್ಯಾ ಹೈ ಉಸ್ ಮೇಂ?"

"ಪಾರ್ಸೆಲ್," ಎಂದ ಪರಪ್ಪ.

ಹವಾಲ್ದಾರ ಡಬ್ಬಗಳ ಆಕಾರ ಗುರುತಿಸಿದ. ಬೆಳಗಿನಿಂದ ಮಳೆಯಲ್ಲಿ ನಿಂತವನು. "ಸಾಂಬಾರ್ ಹೈ ಕ್ಯಾ? ಗರಮ್ ಹೈ?"

"ಸಾಬ್, ಕಲ್ ಕಾ ಹೈ," ಎಂದ ದೂಜ ಟವೆಲಿನೊಳಗಿನಿಂದ. "ಆಪ್ ಕೋ ನಹೀಂ ಚಲೇಗಾ."

ನಿನ್ನೆಯದೆಂದು ಕೇಳಿ ಹವಾಲ್ದಾರ ಬೇಸರದಿಂದಲೇ ರಿಕ್ಷಾ ತಳ್ಳಿಕೊಟ್ಟ.

ಪ್ರಯೋಗಾಲಯ ತಲುಪಿದಾಗ ಹನ್ನೊಂದೂವರೆ. ರಾಧಿಕಾ ಮೇಡಂ ಇನ್ನಿಬ್ಬರು ಡಾಕ್ಟರ ಜೊತೆ ಚಹಾ ಕುಡಿಯುತ್ತಿದ್ದರು. ಪರಪ್ಪನನ್ನು ಕಂಡು ಎದ್ದು ಬಂದರು. ಮಗಳ ವಯಸ್ಸಿನವರು, ಮುಖ ತುಂಬ ನಗು.

"ಬರ್ರಿ ಕಾಕಾ. ಇಂಥಾ ಮಳ್ಯಾಗ ತಂದ್ರಲ್ಲ." ಜೊತೆಯವರ ಕಡೆ ತಿರುಗಿ, "ನಮ್ ಗಾಂವ್ ಕಡಿಯವರು. ಹೆಂಗ ಪ್ಯಾಕ್ ಮಾಡ್ಯಾರ ನೋಡ್ರಿ. ಒಂದೊಂದಕ್ಕೂ ಹೆಸರು" ಎಂದು 'ಕೊರಗಪ್ಪ ಒಂದು' ಎಂಬ ಡಬ್ಬವನ್ನು ಚಹಾದ ಪಕ್ಕದಲ್ಲಿಟ್ಟು ಮುಚ್ಚಳ ತೆಗೆದರು.

ಕೂಡಲೇ ಹಾಕಿದರು.

ಇಬ್ಬರು ಡಾಕ್ಟರು ಕಪ್ಪು ಹಿಡಿದುಕೊಂಡು ಕಿಟಕಿಯ ಹತ್ತಿರ ಹೋದರು.

"ಕಾಕಾ, ಇದೇನ್ರಿ?"

"ನೀವು ಹೇಳಿದ್ದರೀ."

"ನಾ ಏನ ಹೇಳಿದ್ನಿ?"

ಪರಪ್ಪ ಸುತ್ತ ನೋಡಿದ. ಮೂವತ್ತನಾಲ್ಕು ವರ್ಷ ಬಾಯಲ್ಲಿ ಬಾರದ ಮಾತನ್ನು, ಶಾಲೆಯಲ್ಲಿ ಮಗ್ಗಿ ತಪ್ಪಿದ ಹುಡುಗನಂತೆ, ನೆಲ ನೋಡುತ್ತ ಹೇಳಿದ.

"ತತ್ತಿ."

ರಾಧಿಕಾ ಸೆರಗಿಲ್ಲದ್ದರಿಂದ ಬಿಳಿ ಕೋಟಿನ ತೋಳನ್ನೇ ಬಾಯಿಗೆ ಒತ್ತಿಕೊಂಡರು. ಭುಜ ಕುಲುಕಿದವು. ಸ್ವಲ್ಪ ಹೊತ್ತಿನ ಮೇಲೆ ಕಣ್ಣೊರೆಸಿಕೊಂಡು ಮೆಲ್ಲಗೆ ಕೇಳಿದರು.

"ಕಾಕಾ, ನಿಮ್ಮ ಊರಾಗ ಕೋಳಿ ಏನ ಇಡತದ?"

ಪರಪ್ಪ ಬಾಯಿ ತೆರೆದ. ಬಿಳೇದು ಎನ್ನಲು ಹೋದ, ಅದಲ್ಲ. ಅಂಡಾ ಎನ್ನಲು ಹೋದ, ಅದೂ ಅಲ್ಲ. ಅವನ ಅವ್ವ ಬೆಳಿಗ್ಗೆ ಬುಟ್ಟಿಯೊಳಗೆ ಕೈಯಿಟ್ಟು, "ಪರ್ಯಾ, ಬಾ, ಬಿಸಿ ಬಿಸಿ ಅದಾವ ನೋಡು" ಎಂದು ಅವನ ಅಂಗೈಯಲ್ಲಿ ಇಡುತ್ತಿದ್ದಳಲ್ಲ, ಅದರ ಹೆಸರು ಏನು? ಅವಳು ಏನನ್ನುತ್ತಿದ್ದಳು?

"ತತ್ತಿ ಅಂತಾರ್ರಿ," ಎಂದ.

ಅಂಗಡಿಯಲ್ಲಿ ನಾಚಿಕೆಯಾದದ್ದು ಗೊತ್ತಿಲ್ಲದೆ ಆಡಿದ್ದಕ್ಕೆ. ಇವತ್ತಿನದು ಗೊತ್ತಿದ್ದದ್ದನ್ನು ಕಳಕೊಂಡದ್ದಕ್ಕೆ. ಎರಡನೆಯದು ಹೆಚ್ಚು ಸುಡುತ್ತಿತ್ತು.

"ಚೆಲ್ಲಿಬಿಡ್ರಿ ಮೇಡಂ," ಎಂದು ಚೀಲಕ್ಕೆ ಕೈ ಹಾಕಿದ. "ನಿಮ್ಮ ಪಾದಾ ಮುಟ್ಟತೀನಿ. ನಾ ಹೋಗಿ ಖರೇವನ ತರ್ತೀನಿ."

"ಇರ್ಲಿ ಬಿಡ್ರಿ, ಚೆಲ್ಲೂದ್ಯಾಕ? ಮ್ಯಾಲಿನ ಮಜಲಿನ್ಯಾಗ ಮನಷ್ಯಾರ ಲ್ಯಾಬ್ ಅದ, ನನ್ನ ಗೆಳತಿ ಇದ್ದಾಳ. ಇಷ್ಟ ಶಿಸ್ತಲೆ ಹನ್ನೆರಡು ಮಂದೀದು ಯಾರೂ ತಂದಕೊಡೂದಿಲ್ರಿ. ಯಾವ ಹುಳ ಅಂತ ತಿಳದ್ರ ಮಂದಿಗೂ ಛಲೋ."

ಪರಪ್ಪನಿಗೆ ಬೇಡವೆನ್ನುವ ಮುಖವಿರಲಿಲ್ಲ. ಅದೇ ರಿಕ್ಷಾದಲ್ಲಿ ಗೋರೆಗಾಂವ್‌ಗೆ ಬಂದು, ಗೂಡಿನಿಂದ ಅವತ್ತಿನ ಐದು, ಮನೆಯಲ್ಲಿ ಉಳಿದಿದ್ದ ಏಳು ಮೊಟ್ಟೆ ತೆಗೆದು ಡಜನ್ ಮಾಡಿಕೊಂಡು ಮತ್ತೆ ಅಂಧೇರಿಗೆ ಹೋದ. ಚಾಳ್‌ನಲ್ಲಿ ಯಾರಿಗೂ ಏನೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಪ್ರಯೋಗಾಲಯದ ಬಾಗಿಲಲ್ಲಿ ಟವೆಲು ಸಡಿಲಿಸಿ ನಿಂತಿದ್ದ ದೂಜ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಸಂಜೆ ದೀಪ ಹಚ್ಚುವ ಹೊತ್ತಿಗೆ ಮೊದಲ ಖೋಲಿಯಿಂದ ಕೊನೆಯ ಖೋಲಿಯವರೆಗೆ, ಹೊಟ್ಟೆ ನೋಯುತ್ತದೆಂದು ಕೈಯಿಂದ ಒತ್ತಿ ಹಿಡಿದುಕೊಂಡು ಜನ ನಗುತ್ತಿದ್ದರು. ಸಾಂಬಾರಿನ ಡಬ್ಬ ವಾಪಸು ಬೇಡವೆಂದು ಶೀಲಾವತಿ ಹೇಳಿ ಕಳಿಸಿದಳು.

ಪರಪ್ಪ ನಾಲ್ಕು ದಿನ ಮಂದಿ ಏಳುವ ಮೊದಲೇ ಹೋಗಿ ನೀರು ತುಂಬಿದ. ಎದುರು ಸಿಕ್ಕವರಿಗೆ ದಾರಿ ಬಿಟ್ಟ. ಒಂದೇ ಒಂದು ಆಸೆಯನ್ನು ಹಿಡಿದುಕೊಂಡಿದ್ದ: ಕೋಳಿಗಳು ತಪ್ಪಿಲ್ಲವೆಂದು ಕಾಗದ ಬಂದರೆ ಸಾಕು, ಮತ್ತೆ ತಲೆ ಎತ್ತಬಹುದು.

ಶುಕ್ರವಾರ ಸಂಜೆ ಐದಕ್ಕೆ ರಾಧಿಕಾ ತಾವೇ ಬಂದರು. ಕೈಯಲ್ಲಿ ಮಂಜುಗಡ್ಡೆಯ ಪೆಟ್ಟಿಗೆ, ಬಗಲಲ್ಲಿ ಎರಡು ಲಕೋಟೆ. ಗಂಜಿ ಕುಡಿದು ಸ್ವಲ್ಪ ಚೇತರಿಸಿಕೊಂಡಿದ್ದ ಚಾಳ್ ಗ್ಯಾಲರಿಗೆ ಬಂತು. ಮೊದಲ ಲಕೋಟೆ ಒಡೆದರು.

"ಹನ್ನೆರಡೂ ತತ್ತಿ ಸ್ವಚ್ಛ ಅದಾವು. ಕೋಳಿ ತಪ್ಪು ಏನೂ ಕಾಣೂದಿಲ್ಲ. ಲಸಿಕಿ ಹಾಕಿಬಿಡೂಣು, ಮುಂದೂ ಬರೂದು ಬ್ಯಾಡ."

ಪರಪ್ಪ ಒಂದೊಂದೇ ಕೋಳಿಯನ್ನು ಹಿಡಿದು ಕೊಟ್ಟ. ರಾಧಿಕಾ ತೊಡೆಗೆ ಸೂಜಿ ಚುಚ್ಚಿ ಕಾಲಿಗೆ ನೇರಳೆ ಬಣ್ಣದ ಗುರುತು ಹಚ್ಚಿದರು. ಆರನೆಯದು ಮುಗಿದಾಗ ಕೊರಗಪ್ಪ ಕೆಮ್ಮಿದರು.

"ತಪ್ಪಾಯ್ತು ಪರಪ್ಪ. ಕೋಳಿ ಇರಲಿ."

ಅಷ್ಟಕ್ಕೆ ಬಿಟ್ಟಿದ್ದರೆ ಸಾಕಿತ್ತು. ಆದರೆ ನಾಲ್ಕು ದಿನ ಬಗ್ಗಿದ್ದ ಕುತ್ತಿಗೆ ಮೇಲೆದ್ದಾಗ ಬೇಕಾದ್ದಕ್ಕಿಂತ ಒಂದು ಗೇಣು ಹೆಚ್ಚೇ ಎದ್ದಿತು.

"ಹಂಗಾರ ಯಾರಿಂದ ಬಂತ್ರಿ ಅಣ್ಣಾರ? ಅದೂ ಗೊತ್ತಾಗ್ಲಿ. ಮೇಡಂ, ಇನ್ನೊಂದು ಲಕೋಟಿ ಏನೈತಿ?"

"ಕಾಕಾ, ಒಳಗ ಬರ್ರಿ. ಸ್ವಲ್ಪ ಮಾತಾಡೂದದ."

"ಒಳಗ್ಯಾಕ್ರಿ? ನಾನೇನ ಕಳ್ಳೇನು? ಎಲ್ಲಾರ ಮುಂದ ಓದ್ರಿ."

ರಾಧಿಕಾ ಎರಡು ಸಲ ಬೇಡವೆಂದರು. ಪರಪ್ಪ ಮೂರು ಸಲ ಓದಿ ಎಂದ.

"ಹನ್ನೆರಡು ಮಂದಿಯೊಳಗೂ ಹುಳ ಸಿಕ್ಕದ. ಹನ್ನೊಂದು ಮಂದಿ ಜಡ್ಡು ಬಿದ್ದವರು, ಅವರೊಳಗ ಸಿಗೂದ. ಒಬ್ಬರು ಮಾತ್ರ ಜಡ್ಡು ಬಿದ್ದಿಲ್ಲ, ಆದರೂ ಹುಳ ಅದ. ಅಂಥವರಿಗೆ ಮೊದಲ ಎಂದೋ ಬಂದು ಹೋಗಿರ್ತದ, ಹುಳ ಒಳಗ ಉಳಕೊಂಡಿರ್ತದ. ಅವರಿಗೆ ಏನೂ ಆಗೂದಿಲ್ಲ. ಅವರ ಕೈಯಾಗಿಂದ ಉಂಡವರಿಗೆ ಆಗತದ." ಡಾಕ್ಟರು ನಿಲ್ಲಿಸಿದರು. "ಕಾಕಾ, ಈ ನಾಕೈದು ತಿಂಗಳೊಳಗ ಎಂದಾದ್ರೂ ನಿಮಗ ಹೊಟ್ಟಿ ಕೆಟ್ಟಿತ್ತೇನ?"

"ಯುಗಾದಿ ಮುಂದ ಊರಿಗೆ ಹೋದಾಗ ಮೂರ ದಿನ ಕೆಟ್ಟಿತ್ರಿ," ಎಂದಳು ರಾಚವ್ವ, ಕೇಳದಿದ್ದರೂ.

"ಕುದಿಸಿದ ತತ್ತಿಯೊಳಗ ಹುಳ ಉಳಿಯೂದಿಲ್ಲ. ಕುದಿಸಿದ ಮ್ಯಾಲ ಅವನ್ನ ಯಾರು ಸುಲದಿದ್ರು?"

ಒಂದು ಕೋಳಿ ಕಾಲಿನ ನೇರಳೆ ಬಣ್ಣವನ್ನು ಕುಕ್ಕಿ ನೋಡಿತು.

"ಒಂದೊಂದನ್ನೂ ಕೈಯಾರೆ," ಎಂದಳು ಶೀಲಾವತಿ, ತನಗೇ ಹೇಳಿಕೊಂಡಂತೆ.

ಕೊರಗಪ್ಪ ಸಭೆಯ ಕಾಗದವನ್ನು ಜೇಬಿನಿಂದ ತೆಗೆದರು. ಓದಲಿಲ್ಲ. ಮತ್ತೆ ಮಡಚಿದರು. "ಬೇಡ ಮಾರಾಯ. ಅದು ಆಗ ಬರೆದದ್ದು. ನೀನು ಇರು."

"ಬಿಟ್ಟು ಹೋಗೂ ಕಾರಣ ಇಲ್ರಿ," ಎಂದರು ರಾಧಿಕಾ. "ಕೈ ಸಾಬಾಣಿಲೆ ಛಲೋತ್ನಂಗ ತೊಳಕೋರಿ. ಎರಡು ಸಲ ಟೆಸ್ಟ್ ಸ್ವಚ್ಛ ಬರೂ ತನಕ ಯಾರಿಗೂ ಕೈಯಾರೆ ಏನೂ ಕೊಡಬ್ಯಾಡ್ರಿ, ಅಷ್ಟ."

"ಕೋಳಿಗೆ ಹಾಕಿದ ಸೂಜಿ ನನಗ ಹಾಕಾಕ ಬರ್ತದೇನ್ರಿ?"

"ಅದು ಕೋಳಿಗಷ್ಟ ಕಾಕಾ."

ಅವರು ಪೆಟ್ಟಿಗೆ ಎತ್ತಿಕೊಂಡರು. ಮೆಟ್ಟಿಲ ಹತ್ತಿರ ನಿಂತು, "ಒಂದ ತಿಂಗಳಾದ ಮ್ಯಾಲ ಮತ್ತ ತಗೊಂಡ ಬರ್ರಿ" ಎಂದರು.

"ಏನ್ರಿ?" ಎಂದ ಪರಪ್ಪ.

ರಾಧಿಕಾ ಸುತ್ತ ನೋಡಿ, ಸ್ವಲ್ಪ ಯೋಚಿಸಿ, "ಹೋದ ಸಲ ಮೊದಲ ತಂದಿದ್ರಲ್ಲ, ಅದು" ಎಂದರು.

ಇರು ಎಂದು ಎಲ್ಲರೂ ಅಂದರು. ಮರುದಿನ ಬೆಳಿಗ್ಗೆ ಪರಪ್ಪ ಡಬ್ಬ ಹಿಡಿದು ಸಂಡಾಸಿನ ಸಾಲಿನಲ್ಲಿ ನಿಂತ. ಮುಂದಿದ್ದ ದೂಜ ಏನೋ ನೆನಪಾಯಿತೆಂದು ಮನೆಗೆ ಹೋದ. ಹಿಂದಿದ್ದ ಇಬ್ಬರು ಪಕ್ಕದ ಸಾಲಿಗೆ ಸರಿದರು. ಪರಪ್ಪ ಮನೆಗೆ ಬಂದು ಗಂಟು ಕಟ್ಟಿದ. ಊರಿನಲ್ಲಿ ತಮ್ಮ ಸೋಮನಾಥನ ಹೊಲದ ಮನೆ ಖಾಲಿ ಇತ್ತು.

ಕೋಳಿಗಳನ್ನು ನೋಡಿಕೊಳ್ಳಲು ರಾಚವ್ವ ಉಳಿದಳು. ಅವನು ಗ್ಯಾಲರಿ ದಾಟಿ ಮೆಟ್ಟಿಲು ಇಳಿಯುವಾಗ ಬಾಗಿಲಲ್ಲಿ ನಿಂತು, ಮೂವತ್ತು ವರ್ಷಗಳಲ್ಲಿ ಮೊದಲ ಸಲ, ಇಡೀ ಚಾಳ್‌ಗೆ ಕೇಳುವಂತೆ ಕೂಗಿದಳು.

"ಬುತ್ತ್ಯಾಗ ನಾಕ ತತ್ತಿ ಇಟ್ಟೀನಿ. ಹಣಮಪ್ಪಗ ತಪ್ಪಾತು ಅಂದು ನಾನ ಸುಲದೀನಿ, ನೀವು ಯಾರಿಗೂ ಹಂಚಬ್ಯಾಡ್ರಿ. ಇವತ್ತ ಹಣಮಪ್ಪನ ವಾರ, ನಾಳಿ ತಿನ್ರಿ. ಹೋದ ವಾರ ತಿಂದದ್ದ ಸಾಕಾಗೇತಿ."

ಯಾರೂ ನಗಲಿಲ್ಲ. ಪರಪ್ಪ ತಲೆ ಎತ್ತದೆ ಹೂಂ ಎಂದ.

ಆರೂ ಕೋಳಿಗಳು ಚಾಳ್‌ನಲ್ಲೇ ಉಳಿದವು. ಹೋದದ್ದು ಪರಪ್ಪ ಒಬ್ಬನೇ. ಅವತ್ತು ಶನಿವಾರ.